ಹಿಗ್ಗುವ ನೆಯ್ಗೆಯ ಬಟ್ಟೆ, ಮೈಗೊಪ್ಪುವ ಹೊಲಿಗೆ

ಜವಳಿಯ ಅಂಗಡಿಯಲ್ಲಿ ವ್ಯಾಪಾರಿಯು ಥಾನನ್ನು ಬಿಚ್ಚಿ, ಬಟ್ಟೆಯ ಒಂದು ಮೂಲೆಯನ್ನು ಎರಡು ಕೈಗಳಿಂದಲೂ ಹಿಡಿದು, ಬಲವಾಗಿ ಎಳೆದು ತೋರಿಸುವುದನ್ನು ಕೇಳುಗರಲ್ಲಿ ಅನೇಕರು ನೋಡಿರಬಹುದು. "ನೋಡಿ ಸ್ವಾಮಿ, ಸ್ಟ್ರೆಚ್ಚು!" ಎಂಬುದೇ ಆತನ ಪ್ರಶಂಸೆಯ ಮೊದಲೂ ಕೊನೆಯೂ. ಎಳೆದದ್ದಾಯಿತು, ಬಿಟ್ಟ ಮೇಲೆ ಬಟ್ಟೆ ಎಲ್ಲಿಗೆ ಬಂದು ನಿಂತಿತೆಂಬುದನ್ನು ಆತನೂ ತೋರಿಸುವುದಿಲ್ಲ, ಕೊಳ್ಳುವವರೂ ವಿಚಾರಿಸುವುದಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಕಡೆ ಗಮನ ಹರಿಯಲು ಇಷ್ಟು ವರ್ಷ ಹಿಡಿಯಿತೆಂದು ಹೇಳಿಕೊಳ್ಳುವುದಕ್ಕೆ ಸ್ವಲ್ಪ ಸಂಕೋಚವೇ ಆಗುತ್ತದೆ. ಏಕೆಂದರೆ ನಮ್ಮ ಶಾಸ್ತ್ರದಲ್ಲಿ ಈ ಗುಣಕ್ಕೆ ಸ್ಥಿತಿಸ್ಥಾಪಕತ್ವವೆಂದು ಹೆಸರು. ಪದವನ್ನು ಬಿಡಿಸಿ ನೋಡಿದರೆ ಹಿಗ್ಗುವುದೆಂಬ ಅರ್ಥ ಅದರಲ್ಲಿ ಎಲ್ಲಿಯೂ ಇಲ್ಲ. ಮೊದಲಿದ್ದ ಸ್ಥಿತಿಯನ್ನು ಮತ್ತೆ ಸ್ಥಾಪಿಸುವುದೆಂದಷ್ಟೇ ಇದೆ. ವರ್ಷ ವರ್ಷವೂ ಕರಿಯ ಹಲಗೆಯ ಮೇಲೆ ಬರೆಯುತ್ತಿದ್ದ ಈ ಮಾತು ನಮಗೆ ಸರಿಯಾಗಿ ತಿಳಿದದ್ದು ಒಂದು ರವಿಕೆಯ ದೆಸೆಯಿಂದ.

ನಮ್ಮ ತಾಯಿಯವರಿಗೆ ಎಪ್ಪತ್ತನಾಲ್ಕು ವಯಸ್ಸು. ಕಳೆದ ವರ್ಷ ಅವರ ಬಲಭುಜದ ಕೀಲು ಬಿಗಿದುಕೊಂಡಿತು. ಕೈ ಭುಜದ ಮಟ್ಟಕ್ಕಿಂತ ಮೇಲೆ ಏಳದು. ಬೆನ್ನಿನ ಕಡೆಗಂತೂ ತಿರುಗುವುದೇ ಇಲ್ಲ. ಸಡಿಲಗೊಳ್ಳಲು ತಿಂಗಳುಗಳೇ ಬೇಕೆಂದು ವೈದ್ಯರು ಹೇಳಿದರು. ಮೊಳಕೈಯವರೆಗೆ ತೋಳಿರುವ, ಮೈಗೆ ಒಪ್ಪಿ ನಿಲ್ಲುವ ರವಿಕೆಯನ್ನು ಜನ್ಮವೆಲ್ಲ ತೊಟ್ಟವರು ಅವರು. ಅದನ್ನು ತೊಡಿಸುವುದು ಪ್ರತಿದಿನ ಬೆಳಗ್ಗೆ ಒಂದು ಹೋರಾಟವಾಯಿತು. ಒಂದು ತೋಳು ಏರಿದರೆ ಇನ್ನೊಂದು ತೋಳಿಗೆ ಕೈ ಹೋಗದು. ಬೆನ್ನಿನ ಹೊಲಿಗೆ ಎರಡು ಬಾರಿ ಹರಿಯಿತು. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಬಂಧುಗಳು ದೊಗಲೆ ಅಂಗಿಯನ್ನು ಸೂಚಿಸಿದರು. "ಅದನ್ನು ಹಾಕಿಕೊಂಡು ನಾಲ್ಕು ಜನರ ಎದುರಿಗೆ ಹೇಗೆ ಬರಲಪ್ಪ?" ಎಂದು ಅವರು ಜಗಲಿಗೆ ಬರುವುದನ್ನೇ ಬಿಟ್ಟರು. ಸಾಯಂಕಾಲ ದೇವಸ್ಥಾನಕ್ಕೆ ಹೋಗುವುದೂ ನಿಂತಿತು. ಆಗ ನಮ್ಮ ಮನೆಯವರು, ಹಿಗ್ಗುವ ಬಟ್ಟೆಯಲ್ಲಿ ಅದೇ ಮಾದರಿಯ ರವಿಕೆಯನ್ನು ಏಕೆ ಹೊಲಿಸಬಾರದೆಂದು ಕೇಳಿದರು. ಮೂರು ರವಿಕೆಗಳಾದುವು, ಮೊದಲ ಎರಡು ಕೆಟ್ಟುವು. ಅವು ಏತಕ್ಕೆ ಕೆಟ್ಟುವೆಂಬುದೇ ಈ ಭಾಷಣದ ವಿಷಯವೆಂದರೂ ಸಲ್ಲುತ್ತದೆ.

ಮೊದಲು ಬಟ್ಟೆಯ ಸ್ವರೂಪವನ್ನು ತಿಳಿಯಬೇಕು. ಬನಿಯನ್ನಿನ ಬಟ್ಟೆ ಹಿಗ್ಗುತ್ತದೆಯೆಂದು ಎಲ್ಲರಿಗೂ ಗೊತ್ತು. ಅದು ನೆಯ್ದ ಬಟ್ಟೆಯಲ್ಲ, ಹೆಣೆದ ಬಟ್ಟೆ; ಒಂದು ಕುಣಿಕೆಯೊಳಗೆ ಮತ್ತೊಂದು ಕುಣಿಕೆಯನ್ನು ಹಾಯಿಸಿ ಮಾಡಿದ್ದು. ಎಳೆದಾಗ ಕುಣಿಕೆಗಳು ರೂಪವನ್ನು ಬದಲಾಯಿಸುತ್ತವೆಯೇ ಹೊರತು ನೂಲು ಉದ್ದವಾಗುವುದಿಲ್ಲ. ಮಗ್ಗದ ಬಟ್ಟೆಯ ಮಾತು ಬೇರೆ. ಅಲ್ಲಿ ಹಾಸಿನ ಎಳೆಗಳು ಉದ್ದಕ್ಕೂ ಹೊಕ್ಕಿನ ಎಳೆಗಳು ಅಡ್ಡಕ್ಕೂ ಬಿಗಿಯಾಗಿ ಮಲಗಿರುತ್ತವೆ. ಹಾಸಿನ ದಿಕ್ಕಿಗೆ ಎಳೆದರೂ ಹೊಕ್ಕಿನ ದಿಕ್ಕಿಗೆ ಎಳೆದರೂ ನೂಲನ್ನೇ ಎಳೆದಂತಾಗುತ್ತದೆ. ಹತ್ತಿಯ ನೂಲು ಬಹಳ ಬಗ್ಗುವುದಿಲ್ಲ. ಆದರೆ ಇವೆರಡರ ನಡುವೆ, ಓರೆಯಾಗಿ, ಮೂಲೆಯಿಂದ ಮೂಲೆಗೆ ಎಳೆದು ನೋಡಿರಿ. ಎಳೆಗಳ ನಡುವಣ ಸಣ್ಣ ಸಣ್ಣ ಚೌಕಗಳು ವಜ್ರಾಕೃತಿಗೆ ತಿರುಗಿ ಬಟ್ಟೆ ಉದ್ದವಾಗುತ್ತದೆ, ಅಗಲದಲ್ಲಿ ಕಿರಿದಾಗುತ್ತದೆ. ಕರವಸ್ತ್ರ ಒಂದಿದ್ದರೆ ಸಾಕು, ಕೇಳುಗರು ಕುಳಿತಲ್ಲೇ ಪರೀಕ್ಷಿಸಬಹುದು.

ಈ ಓರೆಯ ಗುಣವನ್ನು ನಮ್ಮ ದೇಶದ ದರ್ಜಿಗಳು ಪುಸ್ತಕವಿಲ್ಲದೆ ಬಲ್ಲವರಾಗಿದ್ದರು. ಮೀನಖಂಡವನ್ನು ಅಪ್ಪಿ ನಿಲ್ಲುವ ಚೂಡಿದಾರ ಪಾಯಜಾಮವನ್ನು ಓರೆಯಾಗಿ ಕತ್ತರಿಸುವುದು ಈ ಕಾರಣಕ್ಕೇ. ನೇರವಾಗಿ ಕತ್ತರಿಸಿದರೆ ಅದನ್ನು ತೊಟ್ಟು ಕುಕ್ಕರಿಸಿ ಕೂರುವಂತಿಲ್ಲ. ಹಳೆಯ ಜುಬ್ಬದ ಕಂಕುಳಲ್ಲಿ ಕೂಡಿಸುತ್ತಿದ್ದ ಚೌಕದ ತುಂಡೂ, ಕೈ ಎತ್ತಿದಾಗ, ತನ್ನ ಓರೆಯಲ್ಲಿ ಹಿಗ್ಗಿ ಇಡೀ ಅಂಗಿ ಮೇಲಕ್ಕೇರದಂತೆ ಕಾಯುತ್ತದೆ. ಪಾಶ್ಚಾತ್ಯರಲ್ಲಿ, ಪ್ಯಾರಿಸ್ ನಗರದ ಮದಲೀನ್ ವಿಯೊನೆ ಎಂಬ ಮಹಿಳೆ 1920ರ ದಶಕದಲ್ಲಿ ಇಡೀ ನಿಲುವಂಗಿಯನ್ನೇ ಓರೆಯಾಗಿ ಕತ್ತರಿಸಿ ಬಹಳ ಪ್ರಸಿದ್ಧಿಗೆ ಬಂದರು. ಓರೆಯಲ್ಲಿ ಒಂದು ದೋಷವೆಂದರೆ ಬಟ್ಟೆ ಬಹಳ ಹಿಡಿಯುತ್ತದೆ. ತೂಗುಹಾಕಿದರೆ ತನ್ನ ಭಾರಕ್ಕೆ ತಾನೇ ಇಳಿಬೀಳುತ್ತದೆ.

ನೂಲೇ ಹಿಗ್ಗುವಂತಾದರೆ ಈ ತೊಂದರೆ ಇಲ್ಲವಷ್ಟೆ. 1930ರ ದಶಕದಲ್ಲಿ ರಬ್ಬರಿನ ಎಳೆಗೆ ಹತ್ತಿಯನ್ನೋ ರೇಷ್ಮೆಯನ್ನೋ ಸುತ್ತಿದ ಲ್ಯಾಸ್ಟೆಕ್ಸ್ ಎಂಬ ನೂಲು ಬಂದಿತು. ಆದರೆ ಬೆವರಿಗೂ ಎಣ್ಣೆಗೂ ಬಿಸಿಲಿಗೂ ರಬ್ಬರು ಬೇಗ ಕೊಳೆಯುತ್ತದೆ. ಅಮೆರಿಕದ ಡುಪಾಂಟ್ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಜೋಸೆಫ್ ಶಿವರ್ಸ್ ಅವರು 1958ರಲ್ಲಿ ಇದಕ್ಕೆ ಬದಲಾಗಿ ಒಂದು ಕೃತಕ ಎಳೆಯನ್ನು ಸಿದ್ಧಪಡಿಸಿದರು. 1962ರಲ್ಲಿ ಅದು ಲೈಕ್ರಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಈ ಜಾತಿಯ ಎಳೆಗಳಿಗೆ ಯೂರೋಪಿನಲ್ಲಿ ಎಲಾಸ್ಟೇನ್ ಎಂದೂ ಅಮೆರಿಕದಲ್ಲಿ ಸ್ಪ್ಯಾಂಡೆಕ್ಸ್ ಎಂದೂ ಹೆಸರು. ಇದರ ಅಣುಸರಪಣಿಯಲ್ಲಿ ಮೃದುವಾದ ಭಾಗಗಳೂ ಗಡುಸಾದ ಭಾಗಗಳೂ ಒಂದಾದಮೇಲೊಂದು ಬರುತ್ತವೆ. ಮೃದುಭಾಗಗಳು ಸುರುಳಿ ಸುತ್ತಿದ ದಾರದಂತೆ ಬಿದ್ದಿದ್ದು, ಎಳೆದಾಗ ಬಿಚ್ಚಿಕೊಳ್ಳುತ್ತವೆ. ಗಡುಸುಭಾಗಗಳು ಒಂದನ್ನೊಂದು ಹಿಡಿದುಕೊಂಡು, ಸರಪಣಿಗಳು ಜಾರಿಹೋಗದಂತೆ ಗಂಟಿನ ಕೆಲಸವನ್ನು ಮಾಡುತ್ತವೆ. ಬಿಟ್ಟೊಡನೆ ಸುರುಳಿ ಪುನಃ ಸುತ್ತಿಕೊಳ್ಳುತ್ತದೆ. ಹಿಗ್ಗುವುದು ಒಂದು ಭಾಗದ ಕೆಲಸ, ಹಿಂತಿರುಗಿಸುವುದು ಇನ್ನೊಂದರ ಕೆಲಸ ಎಂಬುದನ್ನು ಗಮನಿಸಬೇಕು.

ಈ ಎಳೆಯನ್ನು ಹಾಗೆಯೇ ನೆಯ್ಯುವುದು ಅಪರೂಪ. ಅದನ್ನು ತನ್ನ ಉದ್ದದ ಮೂರು ನಾಲ್ಕು ಪಟ್ಟು ಹಿಗ್ಗಿಸಿ ಹಿಡಿದು, ಸುತ್ತಲೂ ಹತ್ತಿಯನ್ನು ನೂಲುತ್ತಾರೆ. ಬಿಟ್ಟಾಗ ಒಳಗಿನ ಎಳೆ ಕುಗ್ಗಿ ಮೇಲಿನ ಹತ್ತಿಯನ್ನೂ ಸುಕ್ಕಾಗಿಸಿ ಎಳೆದುಕೊಳ್ಳುತ್ತದೆ. ಆದುದರಿಂದ ಎಲಾಸ್ಟೇನ್ ನೂರಕ್ಕೆ ಎರಡು ಮೂರು ಪಾಲು ಮಾತ್ರ ಇದ್ದರೂ ಬಟ್ಟೆ ಹಿಗ್ಗುತ್ತದೆ. ಕೈಗೆ ತಾಗುವುದೆಲ್ಲ ಹತ್ತಿಯೇ. ಬಹುತೇಕ ಬಟ್ಟೆಗಳಲ್ಲಿ ಈ ನೂಲನ್ನು ಹೊಕ್ಕಿಗೆ ಮಾತ್ರ ಬಳಸುತ್ತಾರೆ. ಆದುದರಿಂದ ಬಟ್ಟೆ ಅಡ್ಡಕ್ಕೆ, ಎಂದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಿಗ್ಗುತ್ತದೆ. ಉದ್ದಕ್ಕೆ ಸಾಮಾನ್ಯ ಬಟ್ಟೆಯಂತೆಯೇ ಇರುತ್ತದೆ. ಎರಡು ಕಡೆಗೂ ಹಿಗ್ಗುವ ಬಟ್ಟೆಗಳೂ ಉಂಟು. ಅಂಗಡಿಯಲ್ಲಿ ಎಳೆದು ನೋಡಿದಲ್ಲದೆ ಯಾವುದು ಯಾವುದೆಂದು ತಿಳಿಯುವಂತಿಲ್ಲ.

ಇನ್ನು ನಮ್ಮ ಮೊದಲನೆಯ ರವಿಕೆಯ ಕಥೆ. ಒಳ್ಳೆಯ ಕೈಗುಣವುಳ್ಳ ದರ್ಜಿಯೊಬ್ಬರಿಗೆ ಬಟ್ಟೆಯನ್ನು ಕೊಟ್ಟೆವು. ಅಳತೆ ನಿಖರವಾಗಿತ್ತು, ಹೊಲಿಗೆ ಮುತ್ತಿನಂತಿತ್ತು. ಆದರೆ ರವಿಕೆ ಕೂದಲೆಳೆಯಷ್ಟೂ ಹಿಗ್ಗಲಿಲ್ಲ. ಬಿಚ್ಚಿ ನೋಡಿದರೆ, ವಯಸ್ಸಾದವರ ಮೈಗೆ ಮೃದುವಾಗಿರಲೆಂದು ಆತ ಒಳಗಡೆ ಪೂರ್ತಿಯಾಗಿ ಹತ್ತಿಯ ಅಸ್ತರಿಯನ್ನು, ಈಗಿನವರ ಮಾತಿನಲ್ಲಿ ಲೈನಿಂಗನ್ನು, ನೇರವಾಗಿ ಕತ್ತರಿಸಿ ಕೊಟ್ಟಿದ್ದರು. ಹಿಗ್ಗುವ ಬಟ್ಟೆಯನ್ನು ಹಿಗ್ಗದ ಬಟ್ಟೆಗೆ ಜೋಡಿಸಿದರೆ ಹಿಗ್ಗದ್ದೇ ಗೆಲ್ಲುತ್ತದೆ. ಆತನನ್ನು ದೂರುವಂತಿಲ್ಲ, ನಾವು ಬಟ್ಟೆಯನ್ನು ಕೊಟ್ಟೆವೇ ಹೊರತು ಏತಕ್ಕಾಗಿ ಎಂಬುದನ್ನು ಹೇಳಿರಲಿಲ್ಲ. "ಅಮ್ಮಾವರ ಕೈ ಏಳುವುದಿಲ್ಲ ಅಂತ ಒಂದು ಮಾತು ಹೇಳಬಾರದಾಗಿತ್ತೇ ಮೇಷ್ಟ್ರೇ?" ಎಂದು ಅವರೇ ಮರುಗಿದರು.

ಎರಡನೆಯದನ್ನು ಮನೆಯ ಯಂತ್ರದಲ್ಲಿಯೇ, ಅಸ್ತರಿಯಿಲ್ಲದೆ ಹೊಲಿಯುವುದೆಂದು ನಿಶ್ಚಯವಾಯಿತು. ಗಣಿತದ ಭಾರವನ್ನು ನಾವು ವಹಿಸಿದೆವು. ಬಟ್ಟೆಯ ಮೇಲೆ ಅಡ್ಡಲಾಗಿ ಹತ್ತು ಸೆಂಟಿಮೀಟರು ಗುರುತು ಹಾಕಿ ಎಳೆದಾಗ ಹನ್ನೆರಡಕ್ಕೆ ಬಂದಿತು. ನೂರಕ್ಕೆ ಇಪ್ಪತ್ತರಷ್ಟು ಹಿಗ್ಗು. ಹಾಗಿದ್ದ ಮೇಲೆ ಎಲ್ಲ ಸುತ್ತಳತೆಗಳನ್ನೂ ನೂರಕ್ಕೆ ಹತ್ತರಂತೆ ಇಳಿಸಿದರೆ ಚೊಕ್ಕವಾಗಿ ಒಪ್ಪುವುದೆಂದು ಲೆಕ್ಕ ಕೊಟ್ಟೆವು. ಎದೆಯ ಸುತ್ತಳತೆ 36 ಅಂಗುಲ. ನಾವು ಇಟ್ಟದ್ದು 32½. ರವಿಕೆ ಮೈಗೆ ಅಂಟಿದಂತೆ ಕುಳಿತಿತು. ಕೈಯನ್ನು ಸ್ವಲ್ಪ ಎತ್ತಿದರೆ ಕಂಕುಳಲ್ಲಿ ಬಿಗಿ, ಬೆನ್ನ ಮೇಲೆ ಅಡ್ಡಡ್ಡ ಗೆರೆಗಳು, ಹುಕ್ಕುಗಳ ನಡುವೆ ಬಾಯಿಬಿಟ್ಟ ಸಂದುಗಳು. "ಕಟ್ಟಿಹಾಕಿದ ಹಾಗಿದೆ ಕಣಪ್ಪ" ಎಂದರು ತಾಯಿಯವರು. ನಮ್ಮ ತಪ್ಪು ಇಷ್ಟೇ: ತಿಂಗಳ ಮೊದಲ ದಿನವೇ ಅರ್ಧ ಸಂಬಳವನ್ನು ಖರ್ಚುಮಾಡಿದವನಂತೆ, ಬಟ್ಟೆಯ ಹಿಗ್ಗಿನಲ್ಲಿ ಅರ್ಧವನ್ನು ಸುಮ್ಮನೆ ನಿಂತಿರುವಾಗಲೇ ಕಳೆದುಬಿಟ್ಟಿದ್ದೆವು. ಕೈ ಚಲಿಸುವ ಹೊತ್ತಿಗೆ ಉಳಿದದ್ದು ಸಾಲಲಿಲ್ಲ. ಬಟ್ಟೆಯನ್ನು ಹೆಚ್ಚು ಎಳೆದಷ್ಟೂ ಅದು ತಿರುಗಿ ಎಳೆಯುವ ಬಲವೂ ಹೆಚ್ಚುತ್ತದೆಂಬುದು 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮದ ಸಾರ. ಇದನ್ನು ಪಾಠ ಹೇಳುವವರೇ ಮರೆತದ್ದು ವಿನೋದವೆಂದು ನಮ್ಮ ಮನೆಯವರು ಇನ್ನೂ ನಗುತ್ತಿದ್ದಾರೆ.

ಸಾಮಾನ್ಯ ಬಟ್ಟೆಯ ರವಿಕೆಗೆ ಮೈಯಳತೆಯ ಮೇಲೆ ಒಂದರಿಂದ ಎರಡು ಅಂಗುಲ ಸಡಿಲ ಬಿಡುವುದು ವಾಡಿಕೆ. ಉಸಿರಾಡುವುದಕ್ಕೂ ಕೈಕಾಲಾಡುವುದಕ್ಕೂ ಅದೇ ಆಧಾರ. ಹಿಗ್ಗುವ ನೆಯ್ಗೆಯಲ್ಲಿ ಈ ಸಡಿಲವನ್ನು ಬಟ್ಟೆಯೇ ಒದಗಿಸುತ್ತದೆಯಾದ್ದರಿಂದ ಮೈಯಳತೆಗೆ ಸಮನಾಗಿ, ಹೆಚ್ಚೆಂದರೆ ಅರ್ಧ ಅಂಗುಲ ಕಡಿಮೆಯಾಗಿ ಕತ್ತರಿಸಿದರೆ ಸಾಕು. ಅದಕ್ಕಿಂತ ಇಳಿಸುವುದು ಬನಿಯನ್ನಿನ ಬಟ್ಟೆಗೆ ಸರಿ, ಇದಕ್ಕಲ್ಲ. ದರ್ಜಿಗಳು ಟಕ್ಸು ಎಂದು ಕರೆಯುವ ಹಿಡಿಮಡಿಕೆಗಳನ್ನು ಸಹ ಬಿಡಬಾರದು. ಬಟ್ಟೆ ಹಿಗ್ಗುತ್ತದಲ್ಲ, ಆಕಾರ ತಾನಾಗಿಯೇ ಬರುತ್ತದೆಂದು ಅನೇಕರು ತಿಳಿಯುತ್ತಾರೆ. ಅಡ್ಡಕ್ಕೆ ಮಾತ್ರ ಐದನೆಯ ಒಂದು ಪಾಲು ಹಿಗ್ಗುವ ಬಟ್ಟೆ ಎದೆಯ ಉಬ್ಬನ್ನಾಗಲಿ ಬೆನ್ನಿನ ಬಾಗನ್ನಾಗಲಿ ತಾನೇ ರೂಪಿಸಲಾರದು. ಆಕಾರವನ್ನು ಕೊಡುವುದು ಕತ್ತರಿ. ಚಲನೆಗೆ ಎಡೆಮಾಡುವುದು ಬಟ್ಟೆ.

ಇನ್ನೊಂದು ಮುಖ್ಯವಾದ ಪರೀಕ್ಷೆಯನ್ನು ನಾವು ಮೂರನೆಯ ಬಾರಿಗೆ ಮಾಡಿದೆವು. ಹತ್ತು ಸೆಂಟಿಮೀಟರಿನ ಗುರುತನ್ನು ಹನ್ನೆರಡಕ್ಕೆ ಎಳೆದು, ಹಲಗೆಗೆ ಗುಂಡುಸೂಜಿಗಳಿಂದ ಚುಚ್ಚಿ ಅರ್ಧ ಗಂಟೆ ಬಿಟ್ಟು, ಅನಂತರ ಬಿಡಿಸಿ ಮತ್ತೆ ಅಳೆಯುವುದು. ನಾವು ತಂದ ಎರಡು ತುಂಡುಗಳಲ್ಲಿ ಹೆಚ್ಚು ಹಿಗ್ಗುತ್ತಿದ್ದುದು ಹತ್ತೂವರೆಯಲ್ಲೇ ನಿಂತುಹೋಯಿತು. ಕಡಿಮೆ ಹಿಗ್ಗುವುದು ಹತ್ತಕ್ಕೆ ಬಂದಿತು. ಮೊದಲನೆಯದನ್ನು ತೊಟ್ಟರೆ ಮಧ್ಯಾಹ್ನದ ವೇಳೆಗೆ ಮೊಳಕೈ ಜೋಲುತ್ತದೆ, ಬೆನ್ನು ಸಡಿಲವಾಗುತ್ತದೆ. ಅಂಗಡಿಯಲ್ಲಿ ಎಳೆದು ತೋರಿಸಿದಾಗ ನಮಗೆ ಹಿಡಿಸಿದ್ದುದು ಆ ಕೆಟ್ಟ ತುಂಡೇ! ಒಂದು ತುಂಡನ್ನು ಕೊಂಡು ತಂದು ಹೀಗೆ ಪರೀಕ್ಷಿಸದೆ ದುಬಾರಿ ಬಟ್ಟೆಗೆ ಕೈಹಾಕುವುದು ತರವಲ್ಲ.

ಕತ್ತರಿಸುವ ಮುನ್ನ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಬೇಕು. ಥಾನಿನಲ್ಲಿ ಬಿಗಿಯಾಗಿ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಒಂದು ರಾತ್ರಿ ಮಟ್ಟಸವಾಗಿ ಹರವಿಡಬೇಕು. ಹಿಗ್ಗಿಸಿಟ್ಟದ್ದನ್ನು ಕತ್ತರಿಸಿದರೆ, ಕತ್ತರಿಸಿದ ಮೇಲೆ ಕುಗ್ಗುತ್ತದೆ. ಮೇಜಿನ ಅಂಚಿನಿಂದ ಬಟ್ಟೆ ಜೋತುಬಿದ್ದಿರಲೂ ಕೂಡದು. ಹಿಗ್ಗಿನ ದಿಕ್ಕು ಮೈಯ ಸುತ್ತ ಬರುವಂತೆ ತುಂಡುಗಳನ್ನು ಇಡಬೇಕು. ಬಟ್ಟೆ ಉಳಿಯಲೆಂದು ತೋಳನ್ನು ಅಡ್ಡ ತಿರುಗಿಸಿ ಕತ್ತರಿಸುವ ಜಾಣತನ ಇಲ್ಲಿ ನಡೆಯದು. ಹಾಗೆ ಮಾಡಿದರೆ ತೋಳು ಉದ್ದಕ್ಕೆ ಹಿಗ್ಗುತ್ತದೆ, ಸುತ್ತಕ್ಕೆ ಹಿಗ್ಗದು. ನಮ್ಮ ತಾಯಿಯವರ ರವಿಕೆಯ ಬೆನ್ನಗಲ 14 ಅಂಗುಲ, ತೋಳಿನ ಸುತ್ತು 11. ಐದನೆಯ ಒಂದು ಪಾಲಿನ ಹಿಗ್ಗೆಂದರೆ ತೊಡುವ ಕ್ಷಣದಲ್ಲಿ ಬೆನ್ನಿಗೆ ಸುಮಾರು ಮೂರು ಅಂಗುಲವೂ ತೋಳಿಗೆ ಎರಡು ಅಂಗುಲವೂ ಸಾಲವಾಗಿ ಸಿಕ್ಕಂತೆ. ಬೇಕಾಗಿದ್ದುದು ಈ ಕ್ಷಣದ ಸಾಲವೇ.

ಹೊಲಿಗೆಯ ವಿಚಾರದಲ್ಲಿ ಒಂದು ತತ್ವವನ್ನು ಹಿಡಿದರೆ ಉಳಿದದ್ದು ತಾನಾಗಿ ಬರುತ್ತದೆ. ಬಟ್ಟೆ ಯಾವ ದಿಕ್ಕಿಗೆ ಹಿಗ್ಗುವುದೋ ಆ ದಿಕ್ಕಿಗೆ ಓಡುವ ಹೊಲಿಗೆಯೂ ಹಿಗ್ಗಬೇಕು. ಅದಕ್ಕೆ ಅಡ್ಡವಾಗಿ ಓಡುವ ಹೊಲಿಗೆಗೆ ಆ ಕಷ್ಟವಿಲ್ಲ. ಪಕ್ಕೆಯ ಹೊಲಿಗೆ, ತೋಳಿನ ಉದ್ದದ ಹೊಲಿಗೆ ಮೇಲಿನಿಂದ ಕೆಳಕ್ಕೆ ಬರುವುದರಿಂದ ಸಾಮಾನ್ಯ ನೇರ ಹೊಲಿಗೆಯೇ ಸಾಕು. ತೋಳಿನ ಬಾಯಿ, ರವಿಕೆಯ ಕೆಳಗಿನ ಪಟ್ಟಿ ಇವು ಮೈಯನ್ನು ಸುತ್ತುವುವು. ಅಲ್ಲಿ ನೇರ ಹೊಲಿಗೆಯನ್ನು ಹಾಕಿದರೆ ಮೊದಲ ದಿನವೇ ದಾರ ಪಟ್ಟನೆ ಹರಿಯುತ್ತದೆ. ಅಂತಹ ಕಡೆ ಕಿರಿದಾದ ಜಿಗ್‌ಜಾಗ್ ಹೊಲಿಗೆ ಬೇಕು. ಯಂತ್ರದಲ್ಲಿ ಆ ಸೌಕರ್ಯವಿಲ್ಲದಿದ್ದರೆ ಕೈಯಲ್ಲಿ ಸಡಿಲವಾಗಿ ಹೆಮ್ಮಿಂಗ್ ಮಾಡಬಹುದು. ನಾವು ಮಾಡಿದ್ದು ಹಾಗೆಯೇ. ಹತ್ತಿಯ ದಾರಕ್ಕಿಂತ ಪಾಲಿಯೆಸ್ಟರ್ ದಾರ ತುಸು ಬಗ್ಗುವುದರಿಂದ ಅದೇ ಮೇಲು. ಸೂಜಿ ಹೊಸದಾಗಿರಬೇಕು, ರವಿಕೆಯಂತಹ ತೆಳುಬಟ್ಟೆಗೆ 11ನೆಯ ನಂಬರು, ದಪ್ಪ ಬಟ್ಟೆಗೆ 14. ಹೊಲಿಗೆ ನಡುನಡುವೆ ಬಿಟ್ಟುಹೋಗುತ್ತಿದ್ದರೆ ಹಿಗ್ಗುವ ಬಟ್ಟೆಗೆಂದೇ ಮಾರುವ ಸೂಜಿಯನ್ನು ಹಾಕಿ ನೋಡಬೇಕು. ಹೊಲಿಯುವಾಗ ಬಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುವ ಅಭ್ಯಾಸವಿರುವವರು ಕೈಯನ್ನು ಕಟ್ಟಿಕೊಂಡು ಕುಳಿತರೂ ತಪ್ಪಿಲ್ಲ. ಎಳೆದು ಹೊಲಿದ ಹೊಲಿಗೆ ಅಲೆಯಲೆಯಾಗಿ ನಿಲ್ಲುತ್ತದೆ.

ಹಿಗ್ಗಬಾರದ ಸ್ಥಳಗಳೂ ಉಂಟು. ಭುಜದ ಹೊಲಿಗೆ ಅಡ್ಡಕ್ಕೆ ಓಡುವುದರಿಂದ ಅದೂ ಹಿಗ್ಗತೊಡಗಿ ತೋಳು ಜಾರಿ ಕೆಳಗಿಳಿಯುತ್ತದೆ. ಅದೇ ಬಟ್ಟೆಯಿಂದ ಉದ್ದಕ್ಕೆ, ಎಂದರೆ ಹಿಗ್ಗದ ಹಾಸಿನ ದಿಕ್ಕಿಗೆ, ಕಾಲಂಗುಲದ ಒಂದು ಪಟ್ಟಿಯನ್ನು ಕತ್ತರಿಸಿ ಭುಜದ ಹೊಲಿಗೆಯೊಳಗೆ ಸೇರಿಸಿದರೆ ಅದು ಸ್ಥಿರವಾಗುತ್ತದೆ. ಕತ್ತಿನ ಸುತ್ತಿಗೂ ಇಂತಹುದೇ ರಕ್ಷೆ ಬೇಕು. ಹುಕ್ಕಿನ ಪಟ್ಟಿಯ ಒಳಗೆ ಹಿಗ್ಗದ ತೆಳು ಹತ್ತಿಬಟ್ಟೆಯನ್ನು ಇಡದಿದ್ದರೆ ಪ್ರತಿ ಹುಕ್ಕಿನ ಬಳಿಯೂ ಬಟ್ಟೆ ಮೂತಿ ಚಾಚುತ್ತದೆ.

ಮೂರನೆಯ ರವಿಕೆಗೆ ಅಸ್ತರಿ ಬೇಕೇ ಬೇಕೆಂದು ತಾಯಿಯವರು ಹಟಹಿಡಿದರು. ಬಟ್ಟೆ ತೆಳುವಾಗಿತ್ತು, ಅವರ ಮಾತೂ ನ್ಯಾಯವಾದದ್ದೇ. ಇಲ್ಲಿ ನಮ್ಮ ನೆರವಿಗೆ ಬಂದದ್ದು ಆ ಚೂಡಿದಾರದ ಹಳೆಯ ಉಪಾಯ. ಹತ್ತಿಯ ಅಸ್ತರಿಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿದರೆ ಅದೂ ಹೊರಬಟ್ಟೆಯ ಜೊತೆ ಹಿಗ್ಗಬಲ್ಲುದಷ್ಟೆ. ಸೂಚನೆಯನ್ನು ಕೊಟ್ಟವರು ನಾವಲ್ಲ. ಮೊದಲು ಹೊಲಿದ ದರ್ಜಿಯೇ, ಮತ್ತೊಮ್ಮೆ ವಿಚಾರಿಸಿಕೊಂಡು ಹೋಗಲು ಬಂದಾಗ, ನಮ್ಮ ಮೇಜಿನ ಮೇಲಿದ್ದ ಬಟ್ಟೆಯನ್ನು ನೋಡಿ ಹೇಳಿದರು. ಒಂದೂಕಾಲು ಪಟ್ಟು ಹೆಚ್ಚಿನ ಅಸ್ತರಿ ಬಟ್ಟೆ ಹಿಡಿಯಿತು. ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ, ಆಮೇಲೆ ಯಂತ್ರಕ್ಕೆ ಕೊಟ್ಟೆವು.

ಷರಾಯಿಯ ವಿಷಯವಾಗಿ ಕೇಳುವವರಿಗೆ ಒಂದು ಮಾತು. ಮೊಣಕಾಲಿನ ಮೇಲೆ ಒಂದು ದಾರವನ್ನು ಉದ್ದಕ್ಕೆ ಹಿಡಿದು, ನಿಂತಾಗ ಒಮ್ಮೆ, ಕುಳಿತಾಗ ಒಮ್ಮೆ ಅಳೆದು ನೋಡಿರಿ. ಕಾಲು ಮಡಿಸಿದಾಗ ಚರ್ಮ ಹಿಗ್ಗುವುದು ಹೆಚ್ಚಾಗಿ ಉದ್ದಕ್ಕೆ. ಆದರೆ ಷರಾಯಿಯ ಬಟ್ಟೆ ಹಿಗ್ಗುವುದು ಸಾಮಾನ್ಯವಾಗಿ ಅಡ್ಡಕ್ಕೆ. ಆದ್ದರಿಂದ ಅದು ಮೊಣಕಾಲಿನ ಮೇಲೆ ಹಿಗ್ಗುವುದಕ್ಕಿಂತ ಹೆಚ್ಚಾಗಿ ಜಾರಿ ಸಹಕರಿಸುತ್ತದೆ. ತೊಡೆಯ ಬಳಿ ಜಾರಲು ಎಡೆಯಿಲ್ಲದಷ್ಟು ಬಿಗಿಮಾಡಿದವರ ಷರಾಯಿ, ಬೆಲೆ ಎಷ್ಟಿದ್ದರೂ, ಕುಳಿತೊಡನೆ ಸೊಂಟದ ಹಿಂಭಾಗದಲ್ಲಿ ಕೆಳಗಿಳಿಯುವುದು ಇದರಿಂದಲೇ.

ಒಗೆಯುವಾಗ ಕುದಿನೀರೂ ಬಿಳುಪಿನ ಕ್ಲೋರೀನ್ ಪುಡಿಯೂ ಎಲಾಸ್ಟೇನಿಗೆ ಶತ್ರುಗಳು. ಇಸ್ತ್ರಿ ಹದವಾಗಿ ಬಿಸಿಯಿದ್ದರೆ ಸಾಕು; ಎಳೆದೆಳೆದು ತೀಡಬಾರದು, ಒತ್ತಿ ಎತ್ತಬೇಕು. ಒಣಗುವುದು ನೆರಳಿನಲ್ಲಾದರೆ ಒಳ್ಳೆಯದು.

ಮೂರನೆಯ ರವಿಕೆಯನ್ನು ತೊಡಿಸುವಾಗ ವೈದ್ಯರು ಹೇಳಿಕೊಟ್ಟ ಕ್ರಮವನ್ನು ಅನುಸರಿಸಿದೆವು: ನೋವಿರುವ ಕೈ ಮೊದಲು ತೋಳಿಗೆ, ನೋವಿಲ್ಲದ್ದು ಆಮೇಲೆ, ತೆಗೆಯುವಾಗ ಇದರ ವಿರುದ್ಧ. ಬಲಗೈ ಇಳಿಬಿಟ್ಟಂತೆಯೇ ತೋಳೊಳಗೆ ಹೋಯಿತು. ಬೆನ್ನಿನ ಬಟ್ಟೆ ಮೂರಂಗುಲ ಬಿಟ್ಟುಕೊಟ್ಟು, ಎಡಗೈಯನ್ನು ಬರಮಾಡಿಕೊಂಡು, ಮತ್ತೆ ತನ್ನ ಸ್ಥಾನಕ್ಕೆ ಬಂದು ಕುಳಿತಿತು. ತಾಯಿಯವರು ಏನನ್ನೂ ಹೇಳಲಿಲ್ಲ. ಹುಕ್ಕುಗಳನ್ನು ಎಡಗೈಯಿಂದ ತಾವೇ ಹಾಕಿಕೊಂಡು, ಕನ್ನಡಿಯಲ್ಲಿ ಭುಜದ ಹೊಲಿಗೆಯನ್ನು ನೋಡಿಕೊಂಡು, ಸೆರಗನ್ನು ಸರಿಪಡಿಸಿಕೊಂಡು ಜಗಲಿಗೆ ಹೋಗಿ ಕುಳಿತರು. ಈಗ ಅಂತಹ ಐದು ರವಿಕೆಗಳಿವೆ. ಕೀಲು ಅರ್ಧಕ್ಕರ್ಧ ಸಡಿಲಗೊಂಡಿದ್ದರೂ ಹಳೆಯ ರವಿಕೆಗಳನ್ನು ಪೆಟ್ಟಿಗೆಯಿಂದ ತೆಗೆಯಲು ಅವರು ಒಪ್ಪುತ್ತಿಲ್ಲ. ಆರನೆಯದಕ್ಕೆಂದು ತಂದ ಹಸಿರು ಬಟ್ಟೆಯನ್ನು ಈ ದಿನ ಬೆಳಗ್ಗೆ ನೀರಿಗೆ ಹಾಕಿದ್ದಾಗಿದೆ, ನಾಳೆ ಕತ್ತರಿಸಬೇಕು.